ಖಾಲಿ ಸುತ್ತುಗಳು

ಬುಧವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ತಪ್ಪಕ್ಕ ಅಂಟಿಕೊಂಡಿದ್ದ ಎರಡು ಹಾಳೆಗಳ ನಡುವೆ ಉಕ್ಕಿನ ಅಡಿಪಟ್ಟಿ ತೂರಿಸಿ ಬಿಡಿಸುತ್ತಿದ್ದಳು. ಯಾರೋ ತಿನ್ನುತ್ತ ಬರೆದಿದ್ದರು. ಜಾಮು ಒಣಗಿ ಗೋಂದಾಗಿತ್ತು. ಹಾಳೆಗಳು ಚರಕ್ಕನೆ ಬಿಟ್ಟುಕೊಂಡಾಗ ಒಳಗೆ ಒಂದು ಇರುವೆಯ ಹೆಣ, ಅದರ ಪಕ್ಕದಲ್ಲಿ ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬ ವಾಕ್ಯ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೇಸಿಗೆಪಟ್ಟಳೋ ಹೇಳುವುದು ಕಷ್ಟ. ಇರುವೆಯನ್ನು ಉಫ್ ಎಂದು ಊದಿದಳು. ವಾಕ್ಯದ ಮೇಲೆ ಗೆರೆ ಎಳೆದು ‘ಐ ಹ್ಯಾವ್’ ಎಂದು ಬರೆದಳು. ಆ ತಪ್ಪನ್ನು ಅವಳು ಆ ದಿನ ತಿದ್ದಿದ್ದು ಹದಿನೇಳನೆಯ ಸಲ.

ತಪ್ಪಕ್ಕ ಎಂಬುದು ಅವಳ ಹೆಸರಲ್ಲ. ಇಂಗ್ಲಿಷ್ ಕಲಿಸುವ ಸೆಂಟರೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಪುಸ್ತಕ ತಿದ್ದುತ್ತಿದ್ದವಳಿಗೆ ಅಲ್ಲಿ ಕಲಿಯುವವರು ಇಟ್ಟ ಹೆಸರು. ಎದುರಿಗೆ ಮೇಡಂ, ಮೆಟ್ಟಿಲಿಳಿದರೆ ತಪ್ಪಕ್ಕ. ಅವಳಿಗದು ಗೊತ್ತಿತ್ತು, ಬೇಸರವಿರಲಿಲ್ಲ. ಕನ್ನಡಕದ ಅಂಗಡಿಯ ಮೇಲೆ ಎರಡನೆಯ ಮಹಡಿಯಲ್ಲಿ ಸೆಂಟರು; ಮುಂದೆ ಮಾಲೀಕರ ಕೋಣೆ ಮತ್ತು ಮೂರು ತರಗತಿ, ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಆ ಕೋಣೆ ಅವಳದು. ಮೇಜಿನ ಎಡಕ್ಕೆ ತಿದ್ದಬೇಕಾದ ರಾಶಿ, ಬಲಕ್ಕೆ ತಿದ್ದಿ ಮುಗಿದದ್ದು. ದಿನಕ್ಕೆ ನಲವತ್ತು ಪುಟ. ಪಾಠ ಹೇಳುವವರು ಬೇರೆ ಇದ್ದರು. ಅವರು ಬಾಯಿ, ಇವಳು ಕೆಂಪು ಪೆನ್ನು.

ಪೆನ್ನು ಹಿಡಿಯುವುದನ್ನು ಕಲಿಸಿದ್ದು ಅಪ್ಪ. ಅವರು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. “ತಪ್ಪು ಹಿಡಿಯೋದು ಹೇನು ಹೆಕ್ಕಿದ ಹಾಗೆ ಕಣೇ ಮಗಳೇ,” ಎನ್ನುತ್ತಿದ್ದರು, “ಹೇನು ಉಳೀಬಾರದು, ತಲೆಗೆ ಗಾಯ ಆಗಬಾರದು.” ಹೇನಿನ ವಿಷಯದಲ್ಲಿ ತಪ್ಪಕ್ಕ ಅಪ್ಪನನ್ನೂ ಮೀರಿಸಿದಳು. ತಲೆಯ ಮಾತು ಮಾತ್ರ ನಡುವೆ ಎಲ್ಲೋ ಮರೆತುಹೋಯಿತು.

ಕಲಿಯುವವರು ಒಂದಾದರೂ ಹೊಸ ತಪ್ಪು ಮಾಡುವುದಿಲ್ಲವಲ್ಲ ಎಂಬುದು ಅವಳ ದೊಡ್ಡ ದೂರು. ಹತ್ತೊಂಬತ್ತು ವರ್ಷವೂ ಅವೇ. ‘ಡಿಸ್ಕಸ್’ ಎಂದರೆ ಸಾಲದು, ಹಿಂದೆ ಒಂದು ‘ಅಬೌಟ್’ ಬಾಲಂಗೋಚಿ. ‘ಯೆಸ್ಟರ್‌ಡೇ ಐ ಹ್ಯಾವ್ ಗಾನ್’. ಮದುವೆಯಾದದ್ದು ‘ವಿತ್’ ಗಂಡ. ‘ದ’ ಎಂಬುದನ್ನಂತೂ ಕೆಲವರು ಕೋಳಿಗೆ ಕಾಳು ಚೆಲ್ಲಿದಂತೆ ಚೆಲ್ಲುತ್ತಿದ್ದರು, ಕೆಲವರು ಜಿಪುಣನ ಹಾಗೆ ಒಂದನ್ನೂ ಬಿಚ್ಚುತ್ತಿರಲಿಲ್ಲ. ಕಾರಣ ಅವಳಿಗೆ ಗೊತ್ತಿತ್ತು. ಕನ್ನಡದಲ್ಲಿ ‘ದ’ಗೆ ಸಮನಾದ ಮಾತೇ ಇಲ್ಲ, ಇಲ್ಲದ ಸಾಮಾನನ್ನು ಯಾವ ಗೂಡಿನಲ್ಲಿ ಇಡಬೇಕೆಂದು ಅವರಿಗೆ ಹೇಗೆ ತಿಳಿಯಬೇಕು? ಅವಳು ಹೋಗ್ತಾಳೆ, ಅವನು ಹೋಗ್ತಾನೆ ಎಂದು ಕ್ರಿಯಾಪದಕ್ಕೆ ಅಷ್ಟುದ್ದ ಬಾಲ ಕಟ್ಟಿ ಸಲೀಸಾಗಿ ಆಡಿಸುವವರು, ಇಂಗ್ಲಿಷಿನಲ್ಲಿ ‘ಶೀ’ ಬಂದಾಗ ಒಂದೇ ಒಂದು ‘ಸ್’ ಹೊತ್ತು ತರಲಾರದೆ ದಾರಿಯಲ್ಲೇ ಬೀಳಿಸಿಬಿಡುತ್ತಾರೆ. ಇದೆಲ್ಲ ತಿಳಿದೂ ಅವಳ ಹೇಸಿಗೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಚರಂಡಿ ಯಾಕೆ ನಾರುತ್ತದೆಂದು ತಿಳಿದ ಮಾತ್ರಕ್ಕೆ ಮೂಗು ಮುಚ್ಚದೆ ಇರಲಾದೀತೆ?

ಹನ್ನೊಂದು ವರ್ಷದ ಹಿಂದೆ ಸೆಂಟರು ಹಳೆಯ ಮಾಲೀಕರಿಂದ ಅವರ ಅಳಿಯನ ಕೈಗೆ ಬಂತು. ಅಳಿಯ ಮೊದಲ ವಾರವೇ ತಿದ್ದಿದ ಪುಸ್ತಕಗಳನ್ನು ತಿರುವಿ ಹಾಕಿ, ಒಂದು ಪುಟದ ಮೇಲೆ ಬೆರಳಿಟ್ಟ.

“ಏನು ಮೇಡಂ, ಈ ಪುಟ ಇಷ್ಟು ಬೆಳ್ಳಗಿದೆ?”

“ನಾಲ್ಕೇ ತಪ್ಪು ಮಾಡಿದ್ದಾರೆ ಸರ್.”

“ಪುಟ ಬೆಳ್ಳಗಿದ್ರೆ ಅವನೇನು ಅಂದ್ಕೊಳ್ತಾನೆ? ನನಗೆ ಬಂತು ಅಂದ್ಕೊಳ್ತಾನೆ. ಬಂತು ಅಂದ್ಕೊಂಡೋನು ನಾಳೆ ನಮ್ಮ ಮೆಟ್ಟಿಲು ಹತ್ತುತಾನಾ? ಪುಟಕ್ಕೆ ಹನ್ನೆರಡು ಕೆಂಪು ಇರಲಿ. ಕಮ್ಮಿ ಬೇಡ.”

“ಇಲ್ಲದ ತಪ್ಪು ಎಲ್ಲಿಂದ ತರಲಿ ಸರ್?”

“ಉಪ್ಪು ಹಾಕಿ ಮೇಡಂ, ಚಿಟಿಕೆ ಉಪ್ಪು. ಅಡುಗೆ ಮಾಡೋರಿಗೆ ನಾನು ಹೇಳಿಕೊಡಬೇಕಾ?”

ಅಂದಿನಿಂದ ಅವರಿಬ್ಬರ ನಡುವೆ ಅದಕ್ಕೆ ಉಪ್ಪು ಎಂದೇ ಹೆಸರಾಯಿತು. ನಿಜವಾದ ತಪ್ಪಾದರೆ ತಪ್ಪಕ್ಕ ಅಡ್ಡಗೆರೆ ಎಳೆದು ಮೇಲೆ ಸರಿಯಾದದ್ದನ್ನು ಬರೆಯುತ್ತಿದ್ದಳು. ಹನ್ನೆರಡಕ್ಕೆ ಎಷ್ಟು ಕಡಿಮೆ ಬಿತ್ತೋ ಅಷ್ಟು ಸರಿಯಾದ ಪದಗಳಿಗೆ ಬರೇ ಒಂದು ಕೆಂಪು ಸುತ್ತು. ಮೇಲೆ ಏನೂ ಬರೆಯುತ್ತಿರಲಿಲ್ಲ, ಬರೆಯಲು ಏನಿತ್ತು? ಸುಳ್ಳನ್ನಂತೂ ಬರೆದಿಲ್ಲ, ಇನ್ನೊಮ್ಮೆ ನೋಡಿಕೊಳ್ಳಿ ಅಂತ ತೋರಿಸಿದ್ದೇನೆ ಅಷ್ಟೆ ಎಂದು ಮೊದಲ ವರ್ಷ ತನಗೆ ತಾನೇ ಹೇಳಿಕೊಂಡಳು. ಎರಡನೆಯ ವರ್ಷದಿಂದ ಹೇಳಿಕೊಳ್ಳುವ ಅಗತ್ಯವೂ ಬೀಳಲಿಲ್ಲ.

ಈಗ ಆ ಬುಧವಾರಕ್ಕೆ ಬರೋಣ. ಜಾಮಿನ ಪುಸ್ತಕ ಬಲಕ್ಕೆ ಹೋದ ಮೇಲೆ ಎಡಗಡೆ ಉಳಿದದ್ದು ಒಂದೇ ಕಟ್ಟು. ಬಿಳಿ ಲಾಡಿಯಿಂದ ಕಟ್ಟಿದ ಏಳು ಪುಸ್ತಕ, ಏಳು ತಿಂಗಳಿನವು. ಮೂಗಿಗೆ ಬಡಿದ ಬ್ಲೀಚಿಂಗ್ ಪುಡಿಯ ವಾಸನೆಯಿಂದಲೇ ಅದು ಲಾಂಡ್ರಿಯವಳದು ಎಂದು ತಿಳಿಯಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ನೆನೆಸುವ, ನಲವತ್ತು ದಾಟಿದ ಹೆಂಗಸು. ಬೆರಳುಗಳು ಬೆಂದ ಹಾಗೆ ಬೆಳ್ಳಗಾಗಿ, ಗೆಣ್ಣುಗಳಲ್ಲಿ ಸೀಳಿ ಹೋಗಿದ್ದವು. ಆದರೂ ಅವಳ ಪುಸ್ತಕದಷ್ಟು ಚೊಕ್ಕ ಪುಸ್ತಕ ಇನ್ನೊಂದಿರಲಿಲ್ಲ. ಎಣ್ಣೆಕಲೆ ಇಲ್ಲ, ಹಾಳೆಯ ಮೂಲೆ ಮಡಿಚಿಲ್ಲ, ಅಂಚಿಗೆ ಪೆನ್ಸಿಲಿನ ನೇರ ಗೆರೆ. ಊಟದ ಕೊನೆಗೆ ಬಾಳೆಹಣ್ಣು ಇಟ್ಟುಕೊಳ್ಳುವವರ ಹಾಗೆ ತಪ್ಪಕ್ಕ ದಿನವೂ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಇದನ್ನು ಲಾಂಡ್ರಿಯವಳಿಗೆ ಒಮ್ಮೆಯೂ ಹೇಳಿರಲಿಲ್ಲ.

ಕಟ್ಟಿನ ಮೇಲೆ ಅರ್ಹತಾ ಚೀಟಿಯ ನಮೂನೆ ಸಿಕ್ಕಿಸಿತ್ತು. ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಒಂದು ಜಾಗ ಖಾಲಿಯಿತ್ತು. ಒಣಗಿದ ಕೋಣೆ, ಒಣಗಿದ ಕಾಗದ. ಇನ್ನೊಂದು ವರ್ಷ ಬ್ಲೀಚಿನಲ್ಲಿ ಕೈಯಿಟ್ಟರೆ ಮುಷ್ಟಿ ಮಡಚುವುದಿಲ್ಲ ಎಂದು ಚರ್ಮದ ಡಾಕ್ಟರು ಅವಳಿಗೆ ಹೇಳಿಯಾಗಿತ್ತು. ಆ ಜಾಗಕ್ಕೆ ಸೆಂಟರಿನ ಚೀಟಿ ಬೇಕು. ಚೀಟಿಗೆ ಕಡೆಯ ಪುಟದಲ್ಲಿ, ಉಪ್ಪು ಬಿಟ್ಟು, ಐದಕ್ಕಿಂತ ಕಡಿಮೆ ತಪ್ಪಿರಬೇಕು. ಶುಕ್ರವಾರ ಮಧ್ಯಾಹ್ನದೊಳಗೆ ತಲುಪಬೇಕು.

ತಪ್ಪಕ್ಕ ಕಡೆಯ ಪುಟ ತಿದ್ದಿದಳು. ಹನ್ನೆರಡು ತಪ್ಪು. ಉಪ್ಪಲ್ಲ, ನಿಜದ ಹನ್ನೆರಡು, ಒಂದಕ್ಕಿಂತ ಒಂದು ವಿಕಾರ. ‘ಶೀ ಈಸ್ ವರ್ಕ್ಸ್ ಇನ್ ದ ಹಾಸ್ಪಿಟಲ್’. ಇದೆಂಥ ಪ್ರಾಣಿ? ಕತ್ತೆಯೂ ಅಲ್ಲ, ಕುದುರೆಯೂ ಅಲ್ಲ. ದಿನವೂ ನಲವತ್ತು ಪುಟಗಳ ನಡುವೆ ಒಂದೊಂದೇ ಪುಟ ನೋಡುತ್ತ ಬಂದವಳಿಗೆ ಈ ಹೆಂಗಸು ಸುಧಾರಿಸುತ್ತಿದ್ದಾಳೆ ಎಂಬ ಭಾವನೆಯೇ ಇತ್ತು. ಇದು ಎಲ್ಲಿಂದ ಬಂತು? ಏಳೂ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಮನೆಯಲ್ಲಿ ತಂಗಿ ಹೊಲಿಗೆ ಯಂತ್ರದ ಮುಂದೆ ಕೂತು ಅಂಗಿಯ ಗುಂಡಿತೂತುಗಳಿಗೆ ಕಾಜಾ ಮಾಡುತ್ತಿದ್ದಳು. ಇಬ್ಬರೇ ಇರುವ ಮನೆ. ತಂಗಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಬಾಯಿ ಮಾತ್ರ ಕತ್ತರಿ.

“ಸೆಂಟರಿನ ಹೊಲಸನ್ನ ಮನೆಗೂ ಹೊತ್ಕೊಂಡು ಬಂದ್ಯಾ? ಇಬ್ಬರು ಕೂತು ಹೇನು ಹೆಕ್ಕೋಣ ಅಂತಲಾ?”

“ಸುಮ್ನಿರೇ. ಇದು ಚೊಕ್ಕ ಪುಸ್ತಕ.”

ತಂಗಿ ಹಲ್ಲಿನಿಂದ ದಾರ ಕಡಿದು, ಎದ್ದು ಬಂದು ಭುಜದ ಮೇಲಿಂದ ಬಗ್ಗಿದಳು. ಸ್ವಲ್ಪ ಹೊತ್ತು ನೋಡಿದಳು. “ಅಕ್ಕಾ, ಕೆಲವಕ್ಕೆ ಗೆರೆ ಎಳೆದು ಮೇಲೆ ಬರೆದಿದ್ದೀಯ. ಇವಕ್ಕೆ ಬರೀ ಸುತ್ತು ಹಾಕಿ ಬಿಟ್ಟಿದ್ದೀಯಲ್ಲ. ಇದೇನು, ಕಾಜಾ ಮಾಡಿ ಗುಂಡಿ ಹೊಲಿಯೋದೇ ಮರೆತಿದ್ದೀಯಾ?”

“ಅದು ಸುಮ್ನೆ. ಅವು ಸರಿಯಾದವೇ.”

“ಸರಿಯಾದವಾ? ಅದು ಅವಳಿಗೆ ಹೇಗೆ ಗೊತ್ತಾಗ್ಬೇಕು?”

ತಪ್ಪಕ್ಕ ಮೊದಲನೆಯ ಪುಸ್ತಕದಿಂದ ಸಾಲಾಗಿ ನೋಡತೊಡಗಿದಳು. ಅದರಲ್ಲಿ ಖಾಲಿ ಸುತ್ತು ಒಂದೂ ಇರಲಿಲ್ಲ. ನಿಜದ ತಪ್ಪುಗಳೇ ಹನ್ನೆರಡನ್ನು ದಾಟಿದ್ದವು. ಎರಡನೆಯದರಲ್ಲಿ ಲಾಂಡ್ರಿಯವಳು ‘ಶೀ ವರ್ಕ್ಸ್’ ಎಂದು ಬರೆದಿದ್ದಳು. ಸರಿ. ಅದಕ್ಕೊಂದು ಸುತ್ತು. ಮಾರನೆಯ ವಾರ ‘ಶೀ ವರ್ಕ್’ ಎಂದು ಬದಲಾಯಿಸಿದ್ದಳು. ತಪ್ಪು. ಗೆರೆ ಎಳೆದು ಮೇಲೆ ‘ವರ್ಕ್ಸ್’. ಅವಳು ಮತ್ತೆ ‘ವರ್ಕ್ಸ್’ ಎಂದು ಬರೆದಿದ್ದಳು. ಅಂದು ಹನ್ನೆರಡಕ್ಕೆ ಎರಡು ಕಡಿಮೆ ಬಿದ್ದಿತ್ತು. ಮತ್ತೆ ಸುತ್ತು. ಅದೂ ತಪ್ಪು ಇದೂ ತಪ್ಪು ಎಂದು ಕೆಂಪು ಶಾಯಿಯೇ ಹೇಳಿದ ಮೇಲೆ ಪಾಪ ಅವಳೇನು ಮಾಡಬೇಕು? ಮೂರನೆಯದೊಂದನ್ನು ಹುಡುಕಿದ್ದಳು. ‘ಶೀ ಈಸ್ ವರ್ಕ್ಸ್’ ಹುಟ್ಟಿದ್ದು ನಾಲ್ಕನೆಯ ಪುಸ್ತಕದ ಹನ್ನೊಂದನೆಯ ಪುಟದಲ್ಲಿ.

ಕಡೆಯ ಪುಟದ ಹನ್ನೆರಡನ್ನೂ ತಪ್ಪಕ್ಕ ಹೀಗೇ ಬೇರು ಹಿಡಿದು ಹಿಂದಕ್ಕೆ ಹೋದಳು. ಮೂರರ ಬೇರು ಲಾಂಡ್ರಿಯವಳ ತಲೆಯಲ್ಲೇ ಇತ್ತು. ಉಳಿದ ಒಂಬತ್ತರ ಬೇರು ಒಂದೊಂದು ಖಾಲಿ ಸುತ್ತಿನಲ್ಲಿ. ಆಮೇಲೆ ಏಳೂ ಪುಸ್ತಕಗಳ ಖಾಲಿ ಸುತ್ತುಗಳನ್ನು ಎಣಿಸಿದಳು. ಅವಳು ಹೇಳುತ್ತ ಹೋದಂತೆ ತಂಗಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೇಲೆ ಐದೈದರ ಕಟ್ಟು ಎಳೆದಳು. ಎಣಿಕೆ ಮುಗಿಯಿತು. ತಪ್ಪಕ್ಕ ಎದ್ದು ಹೋಗಿ ಕೈ ತೊಳೆದಳು. ತೋರುಬೆರಳಿನ ಪಕ್ಕದ ಕೆಂಪು ಕಲೆ ಹೋಗಲಿಲ್ಲ. ನಾರು ಹಾಕಿ ಉಜ್ಜಿದಳು. ಇಷ್ಟು ವರ್ಷ ಇನ್ನೊಬ್ಬರ ಪುಟಗಳನ್ನು ನೋಡಿ ಪಟ್ಟ ಹೇಸಿಗೆ, ಈ ಕಲೆಯನ್ನು ಕಂಡು ಹುಟ್ಟಿದ ಹೇಸಿಗೆಯ ಕಾಲು ಭಾಗವೂ ಆಗಿರಲಿಲ್ಲ.

“ಊಟ?” ಎಂದಳು ತಂಗಿ.

“ಬೇಡ ಕಣೇ.”

“ನಾಳೆ ಹೇಳ್ತೀಯಾ?”

“ಕೆಲಸ ಹೋಗುತ್ತೆ.”

“ಹೋದ್ರೆ ನಿನಗೆ ಕಾಜಾ ಮಾಡೋದು ಕಲಿಸ್ತೀನಿ. ಗುಂಡಿ ಸಮೇತ.”

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾಲೀಕನ ಕೋಣೆಯಲ್ಲಿ ಲಾಂಡ್ರಿಯವಳು ನಿಂತಿದ್ದಳು. ಪಾಳಿ ಮುಗಿಸಿ ನೇರ ಬಂದಿದ್ದಳು, ಕೈಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡಿದ್ದಳು. ತೆರೆದ ಬಾಗಿಲ ಹೊರಗೆ ಬೆಂಚಿನ ಮೇಲೆ ಐವರು, ತಮ್ಮ ತಮ್ಮ ಪುಸ್ತಕ ಹಿಡಿದು ಕೂತಿದ್ದರು. ಮಾಲೀಕ ಮೊಹರಿನ ಡಬ್ಬಿ ತೆರೆಯದೆಯೇ ಕೇಳಿದ.

“ಎಷ್ಟಾಯ್ತು ಮೇಡಂ?”

“ಹನ್ನೆರಡು.”

“ನೋಡಮ್ಮಾ, ನಾನು ಹೇಳಿರಲಿಲ್ವಾ? ಮುಂದಿನ ಬ್ಯಾಚಿಗೆ ಸೇರ್ಕೊ. ಇನ್ನಾರು ತಿಂಗಳು ಕೂತ್ರೆ ಕಬ್ಬಿಣವೂ ಕರಗುತ್ತೆ.”

“ಆಯ್ತು ಸರ್,” ಎಂದಳು ಲಾಂಡ್ರಿಯವಳು. ಅಷ್ಟೆ. ವಾದ ಮಾಡಬಹುದೆಂದೇ ಅವಳಿಗೆ ತೋಚಿದಂತಿರಲಿಲ್ಲ.

“ಪೂರ್ತಿ ಕೇಳಿ ಸರ್,” ಎಂದಳು ತಪ್ಪಕ್ಕ. “ಹನ್ನೆರಡರಲ್ಲಿ ಮೂರು ಇವಳದು. ಒಂಬತ್ತು ನನ್ನದು.”

“ಏನಂದ್ರಿ?”

ತಪ್ಪಕ್ಕ ಎರಡನೆಯ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು, ಅದರ ಪಕ್ಕ ನಾಲ್ಕನೆಯದು, ಅದರ ಪಕ್ಕ ಏಳನೆಯದು. ಒಂದೊಂದೇ ಸುತ್ತಿನ ಮೇಲೆ ಬೆರಳಿಟ್ಟು, ಇದು ಸರಿಯಿತ್ತು, ನಾನು ಸುತ್ತು ಹಾಕಿದೆ, ಆದ್ದರಿಂದ ಹೀಗಾಯಿತು ಎಂದು ದಿನಸಿಯವನು ತೂಕ ಹೇಳುವ ದನಿಯಲ್ಲಿ ಹೇಳಿದಳು. ಒಂಬತ್ತಕ್ಕೂ ಒಂಬತ್ತು ಸಲ.

ಮಾಲೀಕನ ದನಿ ಇಳಿಯಿತು. “ಮೇಡಂ, ಇದನ್ನೆಲ್ಲ ಒಳಗೆ ಮಾತಾಡೋಣ.”

“ಒಳಗೇ ಇದ್ದೀವಲ್ಲ ಸರ್.”

“ತಲೆಗಿಲೆ ಕೆಟ್ಟಿದೆಯಾ ನಿಮಗೆ? ಉಪ್ಪು ಹಾಕಿದ್ದು ಯಾರ ಕೈ? ನಂದಾ?”

“ನನ್ನದೇ. ಬೇಲಿನೇ ಎದ್ದು ಹೊಲ ಮೇಯ್ದ ಕತೆ ಇದು. ಮೇಯ್ದ ಬೇಲಿ ನಾನು. ಈಗ ಚೀಟಿಯಲ್ಲಿ ಮೂರು ಅಂತ ಬರೆದು ರುಜು ಹಾಕ್ತಾ ಇದ್ದೀನಿ, ಮೊಹರು ಒತ್ತಿ.”

ಹೊರಗೆ ಬೆಂಚಿನ ಕಡೆಯಿಂದ ಪರಪರ ಸದ್ದು ಬಂತು. ಐವರೂ ತಮ್ಮ ಪುಸ್ತಕ ತಿರುವುತ್ತಿದ್ದರು. “ಏ, ನನ್ನದರಲ್ಲೂ ಇದೆ ಕಣೋ,” ಎಂದ ಒಬ್ಬ. “ನಿಂದು ಬಿಡು, ಇಲ್ಲಿ ನೋಡು, ಒಂದೇ ಪುಟದಲ್ಲಿ ಆರು,” ಎಂದ ಇನ್ನೊಬ್ಬ. ಮಾಲೀಕ ಬಾಗಿಲ ಕಡೆ ನೋಡಿದ, ಚೀಟಿ ನೋಡಿದ, ಡಬ್ಬಿ ತೆರೆದ. ಬಾಯಲ್ಲಿ ಕಹಿಗುಳಿಗೆ ಇಟ್ಟುಕೊಂಡವನ ಮುಖದಲ್ಲಿ ಮೊಹರು ಒತ್ತಿದ. ಲಾಂಡ್ರಿಯವಳು ಮುಂದಿನ ತಿಂಗಳು ರೆಕಾರ್ಡ್ ರೂಮು ಸೇರಿದ್ದು, ತಪ್ಪಕ್ಕ ಅಂದೇ ಪೆನ್ನನ್ನು ಮೇಜಿನ ಮೇಲಿಟ್ಟು ಸೆಂಟರು ಬಿಟ್ಟದ್ದು, ಇವೆಲ್ಲ ಆಮೇಲಿನ ಮಾತು.

ಮೆಟ್ಟಿಲಿಳಿಯುವಾಗ ಲಾಂಡ್ರಿಯವಳು ಮುಂದೆ, ತಪ್ಪಕ್ಕ ಹಿಂದೆ. ಥ್ಯಾಂಕ್ಸ್ ಎನ್ನುತ್ತಾಳೇನೋ, ಅಂದರೆ ಏನು ಹೇಳಲಿ ಎಂದು ತಪ್ಪಕ್ಕ ಹೆದರಿದ್ದಳು. ಹಾಗೇನೂ ಆಗಲಿಲ್ಲ. ತಿರುವಿನಲ್ಲಿ ಅವಳು ನಿಂತು ತಿರುಗಿದಳು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವಳು ಆಗ ಹಾಗನ್ನಲಿಲ್ಲ.

“ಅಕ್ಕಾ, ಪಾಳಿಗೆ ಹೋಗೋ ಮುಂಚೆ ದಿನಾ ಒಂದು ಗಂಟೆ ಆ ಸುತ್ತುಗಳನ್ನೇ ಹಿಡ್ಕೊಂಡು ಕೂರ್ತಿದ್ದೆ. ಮೇಲೆ ಏನೂ ಬರೆದಿರ್ತಿರಲಿಲ್ಲ. ಇಷ್ಟು ಸುಲಭದ್ದೂ ತಿಳಿಯಲ್ವಾ, ನನ್ನ ತಲೆಯಲ್ಲಿ ಬರೀ ಸಗಣಿನಾ ಅಂತ ನನ್ನನ್ನ ನಾನೇ ಬೈಕೊಳ್ತಿದ್ದೆ. ಮಗಳ ಮುಂದೆ ಓದೋಕೂ ನಾಚಿಕೆ ಆಗ್ತಿತ್ತು.” ಅವಳು ಪುಸ್ತಕದ ಕಟ್ಟನ್ನು ಎದೆಗೆ ಒತ್ತಿಕೊಂಡಳು. ಸೀಳಿದ ಬೆರಳುಗಳು ಬಿಳಿ ಲಾಡಿಯ ಮೇಲೆ ಎದ್ದು ಕಂಡವು. “ಏಳು ಪುಸ್ತಕದಲ್ಲಿ ಅಂಥವು ಒಟ್ಟು ಎಷ್ಟಿವೆ?”

ಎಣಿಸಿಲ್ಲ ಎಂದುಬಿಡಬಹುದಿತ್ತು. ಸುಮಾರು ಇಷ್ಟಿರಬಹುದು ಎಂದೂ ಅನ್ನಬಹುದಿತ್ತು. ತಪ್ಪಕ್ಕ ಅವಳ ಕೈಗಳನ್ನೇ ನೋಡುತ್ತ, ಮೇಲೆ ಬೆಂಚಿನ ಮೇಲಿದ್ದವರಿಗೂ ಕೇಳುವ ಹಾಗೆ ಹೇಳಿದಳು:

“ಇನ್ನೂರ ಹದಿನಾಲ್ಕು.”