ಉಸಿರು ತುಂಬಿದ ಅಳತೆ

ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಓಡುವಾಗ ಏಳುವ ವಾಸನೆ ಎಲ್ಲಿ ಬಂದರೂ ನನಗೆ ಉಳ್ಳಾಲದ ನಮ್ಮ ಹಳೆಯ ಮನೆಯ ಜಗಲಿ ಕಾಣುತ್ತದೆ. ಉಪ್ಪ, ಎಂದರೆ ನನ್ನ ಅಪ್ಪ, ಅಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದರು. ಇಸ್ತ್ರಿ ಪೆಟ್ಟಿಗೆಗೆ ತೆಂಗಿನ ಗೆರಟೆಯ ಕೆಂಡ. ಕಳೆದ ಚಳಿಗಾಲ ಅದೇ ವಾಸನೆ ಬಂದದ್ದು ಸೌದಿಯ ಜಿದ್ದಾದ ಒಂದು ರಂಗಮಂದಿರದ ವೇಷದ ಕೋಣೆಯಲ್ಲಿ. ಗೆರಟೆಯ ಹೊಗೆ ಒಂದು ಇರಲಿಲ್ಲ. ಅದೇ ಊರಿನ ಶರಫಿಯಾ ಪೇಟೆಯ ನನ್ನ ಹೊಲಿಗೆ ಅಂಗಡಿಯಿಂದ ನನ್ನನ್ನು ಕರೆಸಿದ್ದು ಒಪೆರಾದ ಉಡುಪುಗಳ ಅಂಚು ಮಡಿಸಲಿಕ್ಕೆ. ಒಪೆರಾ ಎಂದರೆ ಮಾತೆಲ್ಲ ಹಾಡೇ ಆಗಿರುವ ನಾಟಕವಂತೆ. ಅದರಲ್ಲಿ ಎಲ್ಲರಿಗಿಂತ ಮೇಲಿನ ಸ್ವರ ಹಾಡುವ ಹೆಂಗಸು ಸೊಪ್ರಾನೊ. ಇದನ್ನು ಹೇಳಿಕೊಟ್ಟವಳು ಅಲ್ಲಿ ಉಡುಪು ತೊಡಿಸುವ ಕೆಲಸದ ರುಬೀನಾ, ಜಿದ್ದಾದಲ್ಲೇ ಬೆಳೆದ ಭಟ್ಕಳದವರ ಮಗಳು.

ಸೊಪ್ರಾನೊ ಯುರೋಪಿನವರು, ನಲವತ್ತು ದಾಟಿದವರು. ಮರುದಿನ ಮೊದಲ ಪ್ರದರ್ಶನ. ಅಭ್ಯಾಸದಲ್ಲಿ ಅವರ ಕೊನೆಯ ಎತ್ತರದ ಸ್ವರ ಎರಡು ಸಲ ನಡುವೆಯೇ ಮುರಿದಿತ್ತು. ಮತ್ತೊಮ್ಮೆ ಮುರಿದರೆ ಬದಲಿ ಗಾಯಕಿ ಹಾಡುವುದೆಂದು ತೀರ್ಮಾನ. ಉಡುಪು ಬಿಗಿಯೇ ಎಂದು ನಾನು ಕೇಳಿದ್ದಕ್ಕೆ ವೇಷದ ಕೋಣೆಯ ಮೇಲ್ವಿಚಾರಕ ಅಳತೆಯ ಕಾಗದ ತೋರಿಸಿ, ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ ಎಂದ. ಗಾಯಕಿ ತಪ್ಪು ತನ್ನ ಗಂಟಲಿನದೇ ಎಂದು ಕೂತಿದ್ದರು. ನನಗೆ ಮಾತ್ರ ಕೇಳಬೇಕಾದದ್ದು ಬಹಳವಿತ್ತು. ರುಬೀನಾ ಇಬ್ಬರ ಮಾತನ್ನೂ ದಾಟಿಸುತ್ತಿದ್ದಳು. ಮೈಕ್ ಇಲ್ಲದೆ ಅಷ್ಟು ದೊಡ್ಡ ಸಭೆಗೆ ಹೇಗೆ ಕೇಳಿಸುತ್ತಾರೆ? ಮೊದಲು ಆಕೆ ಸಂಗೀತ ಕಛೇರಿಗಳಲ್ಲಿ ಪಿಯಾನೊ ಪಕ್ಕ ಅಲುಗಾಡದೆ ನಿಂತು ಹಾಡುತ್ತಿದ್ದರಂತೆ. ಆಮೇಲೆ ನಾಟಕಗಳು, ಮೆಟ್ಟಿಲು ಹತ್ತುತ್ತ, ಬೀಳುತ್ತ ಹಾಡುವುದು. ಯಾವುದು ಸುಲಭ ಎಂದೆ.

"ಕಛೇರಿಯಲ್ಲಿ ಅಡಗ್ಲಿಕ್ಕೆ ಜಾಗ ಇಲ್ಲ ಅಂತೆ ಅಂಕಲ್. ನಾಟಕದಲ್ಲಾದ್ರೆ ಸಾಯ್ಲಿಕ್ಕಾದ್ರೂ ಉಂಟಲ್ಲ ಅಂತಾರೆ," ಎಂದಳು ರುಬೀನಾ.

"ಅಳತೆ ತೆಗೆಯುವಾಗ ಇವರು ಉಸಿರು ತುಂಬಿಕೊಂಡಿದ್ರಾ ಕೇಳು," ಎಂದೆ.

ಆಕೆ ಮುಖ ಮುಚ್ಚಿಕೊಂಡು ನಕ್ಕರು. "ದಪ್ಪ ಕಾಣ್ತದೆ ಅಂತ ಹೊಟ್ಟೆ ಒಳಗೆ ಎಳ್ಕೊಂಡಿದ್ರಂತೆ ಮಾರಾಯ್ರೆ!" ಎಂದಳು ರುಬೀನಾ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಈ ಪ್ರಶ್ನೆ ಉಪ್ಪನ ಜಗಲಿಯಲ್ಲಿ ಕಲಿತದ್ದು. ಉಪ್ಪನ ತಂಗಿ, ನಮ್ಮ ಬೀಫಾತಿಮಾ ಮಾಮಿ, ಮದುವೆ ಮನೆಗಳಲ್ಲಿ ಹೆಂಗಸರ ಹಾಡು ಎತ್ತಿಕೊಡುವವಳು. ಒಳಕೋಣೆಯಲ್ಲಿ ಕೂತು ಹಾಡಿದರೆ ಹೊರಗೆ ಚಪ್ಪರದ ಕೊನೆಗೂ ಕೇಳುತ್ತಿತ್ತು. ಅವಳ ಕುಪ್ಪಾಯದ, ಆ ಉದ್ದ ತೋಳಿನ ರವಿಕೆಯ, ಅಳತೆಗೆ ಉಪ್ಪ ಟೇಪು ಸುತ್ತಿ "ಹಾಡು" ಎನ್ನುತ್ತಿದ್ದರು. ಅವಳು ಸ್ವರ ಎತ್ತಲು ಉಸಿರೆಳೆದಾಗ ಪಕ್ಕೆ ಅರಳಿ, ಟೇಪು ಉಪ್ಪನ ಬೆರಳುಗಳಿಂದ ಜಾರುತ್ತಿತ್ತು. ಇಷ್ಟು ಸಣ್ಣ ಹೆಂಗಸಿನೊಳಗೆ ಇಷ್ಟು ಗಾಳಿ ಎಲ್ಲಿ ಹಿಡಿಯುತ್ತದೆ ಎಂದು ನಾನು ಬೆರಗಾಗಿ ನೋಡುತ್ತಿದ್ದೆ.

ಜಿದ್ದಾದಲ್ಲಿ ರುಬೀನಾ ಟೇಪು ಸುತ್ತಿದಳು, ಆಕೆ ಹಾಡಿದರು, ನಾನು ಅಂಕಿ ಓದಿದೆ. ಕಾಗದದ ಅಳತೆಗಿಂತ ಎರಡು ಇಂಚಿನಷ್ಟು ಜಾಸ್ತಿ. ಹೊಲಿದವನು ಪುಣ್ಯಾತ್ಮ, ಹೊಲಿಗೆಯ ಒಳಗೆ ಹೆಚ್ಚಿನ ಬಟ್ಟೆ ಮಡಚಿ ಬಿಟ್ಟಿದ್ದ. ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಅಷ್ಟನ್ನೂ ಬಿಟ್ಟುಕೊಟ್ಟೆ. ಮರುದಿನ ಸಂಜೆ ಪರದೆಯ ಬದಿಯಲ್ಲಿ ನಿಂತು ಕೇಳಿದೆ. ಆಕೆ ಮೆಟ್ಟಿಲ ಮೇಲೆ ಕುಸಿದು, ಸಾಯುತ್ತ ಸಾಯುತ್ತ ಆ ಸ್ವರ ಹಿಡಿದರು. ಸ್ವರ ಮುರಿಯಲಿಲ್ಲ. ನನ್ನ ಹೊಲಿಗೆಯೂ ಹರಿಯಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ನನ್ನ ಕಣ್ಣಿಗೆ ಕಂಡದ್ದು ಮಾಮಿ.

ಮದುವೆಗಳಿಗೆ ಕ್ಯಾಸೆಟ್ಟು, ಸ್ಪೀಕರು ಬಂದ ಮೇಲೆ ಅವಳನ್ನು ಯಾರೂ ಹಾಡಲು ಕರೆಯಲಿಲ್ಲ. ಉಪ್ಪ ಮಾತ್ರ ಅಳತೆ ಬದಲಿಸಲಿಲ್ಲ.

"ಎಂತಕ್ಕೆ ಅಣ್ಣ ಇಷ್ಟು ಸಡಿಲ? ನಾನೆಂತ ಅಕ್ಕಿ ಮೂಟೆಯಾ?" ಎಂದು ಅವಳು ಕೆಣಕಿದರೆ, ಉಪ್ಪ ಮೆಷಿನ್ ನಿಲ್ಲಿಸದೆ, "ನಾಳೆಯೇ ಹಾಡ್ಲಿಕ್ಕೆ ಕರೆದ್ರೆ? ಹೊಸತು ಹೊಲೀಲಿಕ್ಕೆ ಪುರುಸೊತ್ತು ಬೇಡ್ವಾ?" ಎನ್ನುತ್ತಿದ್ದರು.

ಈಗ ಉಪ್ಪ ಇಲ್ಲ, ಮಾಮಿ ಇಲ್ಲ, ಆ ಜಗಲಿಯೂ ಇಲ್ಲ. ಉಪ್ಪ ಮಾಮಿಗೆ ಕೊನೆಗೆ ಹೊಲಿದದ್ದು ಒಂದು ತಿಳಿ ಹಸಿರು ಕುಪ್ಪಾಯ. ಅದನ್ನು ತೊಟ್ಟು ಅವಳು ಮೀನು ಕೊಯ್ದಳು, ಪಾತ್ರೆ ತೊಳೆದಳು. ಪಕ್ಕೆಯ ಬಳಿ ಬಟ್ಟೆ ಎರಡು ಬೆರಳಗಲ ಸಡಿಲವಾಗಿ ಗಾಳಿಗೆ ಅಲುಗಾಡುತ್ತಿತ್ತು.