ಮೊಳೆಯಿಲ್ಲದ ಪೆಟ್ಟಿಗೆ

ಬಡಗಿ ಶವಪೆಟ್ಟಿಗೆ ಮಾಡುತ್ತಿದ್ದುದು ಮಣ್ಣಿಗೆಂದೇ. ದಪ್ಪ ಹಲಗೆ, ಸಂದುಗಳಿಗೆ ಟಾರು, ಮುಚ್ಚಳಕ್ಕೆ ಉದ್ದನೆಯ ಸ್ಕ್ರೂ. ನೀರು ನುಗ್ಗಬಾರದು, ಗೆದ್ದಲು ಮೂಸಬಾರದು. ಅಷ್ಟೇ ಅವನ ಶಾಸ್ತ್ರ. ಸುಡುವವರು ಅವನ ಅಂಗಡಿಗೆ ಬರುತ್ತಲೇ ಇರಲಿಲ್ಲ. ಆ ಊರಿನಲ್ಲಿ ಸುಡುವ ಹೆಣಕ್ಕೆ ಬಟ್ಟೆಯೇ ಸಾಕಾಗುತ್ತಿತ್ತು. ಬೀದಿಯವರು ಅವನನ್ನು ಕಂಡರೆ, "ಏನಯ್ಯಾ, ಕಣ್ಣಲ್ಲೇ ಅಳೀಬೇಡ ನನ್ನ," ಎಂದು ರೇಗಿಸುತ್ತಿದ್ದರು.

ಅಂಗಡಿಯ ಮಹಡಿಯಲ್ಲಿ ಗಡಿಯಾರ ರಿಪೇರಿಯ ಮುದುಕನೊಬ್ಬನಿದ್ದ, ಹೊರದೇಶದವನು. ಸಂಜೆಯಾದರೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಇಸ್ಪೀಟು ಆಡುವರು. "ನಾನು ಹೋದ್ರೆ ಪೆಟ್ಟಿಗೆ ನೀನೇ ಮಾಡ್ಬೇಕು ಕಣೋ," ಎಂದಿದ್ದ ಮುದುಕ. ಬಡಗಿ ಮಾತು ಕೊಟ್ಟಿದ್ದ. ಮುದುಕ ಮಲಗಿದಲ್ಲೇ ಹೋದಾಗ ಬಡಗಿ ಊಟ ಬಿಟ್ಟು, ಜೋಪಾನವಾಗಿಟ್ಟಿದ್ದ ತೇಗದ ಹಲಗೆ ಇಳಿಸಿದ.

ಪೆಟ್ಟಿಗೆ ಮುಗಿದ ಬೆಳಿಗ್ಗೆ ಮುದುಕನ ಮಗಳು ಬಂದಿಳಿದಳು. ಇದೇ ಬೀದಿಯಲ್ಲಿ ಆಡಿ ಬೆಳೆದು, ಮದುವೆಯಾಗಿ ಅಪ್ಪನ ದೇಶ ಸೇರಿದವಳು.

"ಮಾಮ, ಅಪ್ಪನ್ನ ಸುಡಬೇಕು. ನಮ್ಮ ಕಡೆ ಪೆಟ್ಟಿಗೆ ಸಮೇತಾನೇ ಸುಡೋದು."

"ಪೆಟ್ಟಿಗೆ ಸಮೇತಾನಾ? ತೇಗ ಕಣಮ್ಮ ಇದು! ಸೌದೆ ಅಂದ್ಕೊಂಡ್ಯಾ?"

ಚಿತಾಗಾರದವನು ಬಂದು ನೋಡಿ ತಲೆಯಾಡಿಸಿದ. "ಇದಾ? ಟಾರಿನ ಹೊಗೆಗೆ ಊರೇ ಎದ್ದು ಬರುತ್ತೆ. ಸ್ಕ್ರೂ ಸಿಕ್ಕಿಕೊಂಡ್ರೆ ನನ್ನ ಒಲೆ ಕೆಟ್ಟು ಕೂರುತ್ತೆ. ಬಟ್ಟೇಲಿ ತನ್ನಿ. ಪೆಟ್ಟಿಗೇನೇ ಬೇಕಂದ್ರೆ ತೆಳುವಾದ್ದು, ಕಬ್ಬಿಣ ಇಲ್ಲದ್ದು. ಸಂಜೆಯೊಳಗೆ."

"ಬಟ್ಟೇಲೇ ಆಗ್ಲಿ ಬಿಡಿ ಮಾಮ," ಎಂದಳು ಮಗಳು.

ಬಡಗಿ ತೇಗದ ಪೆಟ್ಟಿಗೆಯ ಪಕ್ಕ ಕುಕ್ಕರಿಸಿದ. ಬಟ್ಟೆಯಲ್ಲಿ ಕಳಿಸಿದರೆ ಕೊಟ್ಟ ಮಾತು ತಪ್ಪುತ್ತದೆ. ತೆಳು ಹಲಗೆಯೆಂದರೆ ಹಣ್ಣು ತುಂಬುವ ಡಬ್ಬದ ಮರ. ಅದಕ್ಕೆ ಅವನು ಎಂದೂ ಉಳಿ ತಾಗಿಸಿದವನಲ್ಲ.

ಹೆಂಡತಿ ಹೊಸ್ತಿಲಲ್ಲಿ ನಿಂತು, "ಗೆಳೆಯ ಕಾಯ್ತಾ ಮಲಗಿದ್ದಾರೆ. ನೀವಿನ್ನೂ ಮರದ ಜಾತಿ ಕೇಳ್ತಾ ಕೂತಿದ್ದೀರಾ?" ಎಂದಳು.

ಅವನು ಎದ್ದ. ಹಣ್ಣಿನ ಮಂಡಿಯಿಂದ ಡಬ್ಬದ ಹಲಗೆ ತರಿಸಿದ. ಮೊಳೆಯ ಬದಲು ಬಿದಿರು ಸೀಳಿ ಬೆಣೆ ಮಾಡಿ ಹೊಡೆದ. ಅಭ್ಯಾಸಬಲದಿಂದ ಕೈ ಸ್ಕ್ರೂ ಡಬ್ಬಿಯ ಕಡೆಗೇ ಹೋಗುತ್ತಿತ್ತು. ಕೊನೆಗೆ ಹೆಂಡತಿ ಡಬ್ಬಿಯನ್ನೇ ಎತ್ತಿಕೊಂಡು ಒಳಗೆ ಹೋದಳು.

ಎತ್ತುವಾಗ ತಳ ಕಿರ್ ಎಂದಿತು. ಬಡಗಿ ಅಂಗೈ ಕೊಟ್ಟು ತಳ ಹಿಡಿದ. ಬೆಣೆ ಬಿಡಲಿಲ್ಲ.

ಒಲೆಯ ಬಾಗಿಲು ಮುಚ್ಚುವ ಮುಂಚೆಯೇ ಹಲಗೆಗೆ ಉರಿ ಹತ್ತಿತು. ಆಮೇಲೆ ಬೂದಿ ಕೆದಕಿದ ಚಿತಾಗಾರದವನು, "ಒಂದು ಮೊಳೆ ಇಲ್ಲ ನೋಡಿ. ಹೊರಗಿನವರು ಬಂದ್ರೆ ನಿಮ್ಮ ಹತ್ರಾನೇ ಕಳಿಸ್ತೀನಿ ಯಜಮಾನ್ರೆ," ಎಂದ.

"ಬೇಡಪ್ಪ. ಇಂಥದ್ದು ಇನ್ನೊಂದು ಮಾಡಲ್ಲ."

ಅವನ ಅಂಗೈಯಲ್ಲಿ ಬಿದಿರಿನ ಸಿಬಿರು ಚುಚ್ಚಿಕೊಂಡಿತ್ತು. ಮಗಳು ಪಕ್ಕದಲ್ಲಿ ಕೂತು, ಸೆರಗಿನ ಪಿನ್ನು ಬಿಚ್ಚಿ, ಸಿಬಿರನ್ನು ಮೆಲ್ಲಗೆ ತೆಗೆಯತೊಡಗಿದಳು.