ಅತ್ತೆಯ ಹೆಸರಿನ ಕೂಸು

ಜಗಳೂರಿನ ನಮ್ಮ ತವರುಮನೆಯ ಹಿಂದೆ ಕೆರೆ ಏರಿ ಇದೆ. ಏರಿಯ ಮೇಲೆ ಒಂದು ಸಣ್ಣ ಗುಡಿ. ಅಲ್ಲಿನ ದೇವಿಗೆ ಊರಿಗೆಲ್ಲ ಗೊತ್ತಿರುವ ಹೆಸರೊಂದಿದೆ. ಆ ಹೆಸರು ನನ್ನ ಅವ್ವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಹರಕೆ ಕಟ್ಟಿಕೊಳ್ಳುವಾಗಲೂ ಅವಳು "ಏರಿ ಮ್ಯಾಲಿನ ತಾಯಿ" ಎಂದೇ ಹೇಳುತ್ತಿದ್ದಳು. ಕಾರಣ ಸರಳ. ಅವ್ವನ ಅತ್ತೆಗೆ, ಅಂದರೆ ನನ್ನ ಅಜ್ಜಿಗೆ, ಅದೇ ದೇವಿಯ ಹೆಸರು. ಸೊಸೆಯಾದವಳು ಅತ್ತೆಯ ಹೆಸರು ಹಿಡಿದು ಮಾತಾಡಬಾರದು. ದೇವಿಗಿಟ್ಟರೂ ಅಂಗಡಿಗಿಟ್ಟರೂ ಆ ಹೆಸರು ಅವಳ ಪಾಲಿಗೆ ಅತ್ತೆಯದೇ.

ಅಂಗಡಿ ಎಂದೆನಲ್ಲ, ನಮ್ಮ ಓಣಿಯ ಕಿರಾಣಿ ಅಂಗಡಿಯ ಬೋರ್ಡಿನ ಮೇಲೂ ಆ ದೇವಿಯ ಹೆಸರೇ ಇತ್ತು. ಅವ್ವ ಅದನ್ನು "ನೀಲಿ ಬಾಗ್ಲು ಅಂಗ್ಡಿ" ಎನ್ನುತ್ತಿದ್ದಳು. ಅಂಗಡಿಯವರು ಬಾಗಿಲಿಗೆ ಹಸಿರು ಬಣ್ಣ ಹೊಡೆಸಿ ಎಷ್ಟೋ ವರ್ಷವಾಯಿತು. ಅದು ಇನ್ನೂ ನೀಲಿ ಬಾಗಿಲಿನ ಅಂಗಡಿಯೇ. ನನ್ನ ಜೊತೆ ಓದುತ್ತಿದ್ದ ಒಬ್ಬಳಿಗೂ ಅದೇ ಹೆಸರಿತ್ತು. ಅವಳು ಮನೆಗೆ ಬಂದರೆ ಅವ್ವ, "ಆ ಎರಡು ಜಡೆ ಹುಡುಗಿ ಬಂದೈತೆ ನೋಡು" ಎಂದು ನನ್ನನ್ನು ಕೂಗುತ್ತಿದ್ದಳು. ನನಗೂ ಎರಡು ಜಡೆಯೇ ಇದ್ದವು.

ನಮ್ಮ ಕಡೆ ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ರೂಢಿ. ಹಿರಿಯರ ಹೆಸರನ್ನು ಸೊಸೆಯಂದಿರು ಹೇಳದಿರುವುದೂ ರೂಢಿಯೇ. ಎರಡು ರೂಢಿಯೂ ಒಂದೇ ತೊಟ್ಟಿಲ ಹತ್ತಿರ ಬಂದು ಸೇರಿದಾಗ ಏನಾಗುತ್ತದೆ ಎಂದು ಯಾರೂ ಮೊದಲೇ ಯೋಚಿಸುವುದಿಲ್ಲ. ದೊಡ್ಡಪ್ಪನ ಮಗನಿಗೆ ತಾತನ ಹೆಸರಿಟ್ಟಿದ್ದರು. ದೊಡ್ಡಮ್ಮನಿಗೆ ಅದು ಮಾವನ ಹೆಸರು, ಹಾಗಾಗಿ ಅವಳು ಮಗನನ್ನು "ಅಜ್ಜ" ಎಂದು ಕರೆದಳು. ಅವಳನ್ನು ನೋಡಿ ಮನೆಯವರೆಲ್ಲ ಅಜ್ಜ ಎಂದರು. ಓಣಿಯೂ ಅಜ್ಜ ಎಂದಿತು. ಒಂದನೇ ಕ್ಲಾಸಿಗೆ ಸೇರಿಸಿದ ಮೇಲೆ ಟೀಚರು ದಿನವೂ ಹಾಜರಿ ಕೂಗಿದರು, ಅವನು ದಿನವೂ ಸುಮ್ಮನೆ ಕೂತಿದ್ದ. ಮಗ ಶಾಲೆಗೇ ಬರುತ್ತಿಲ್ಲ ಎಂದು ಮನೆಗೆ ಹೇಳಿಕಳಿಸಿದರು. ದೊಡ್ಡಪ್ಪ ಕೋಲು ಹಿಡಿದು ಹೋಗಿ ನೋಡಿದರೆ ಮಗ ಮುಂದಿನ ಸಾಲಿನಲ್ಲೇ ಕೂತಿದ್ದಾನೆ.

"ಹೆಸ್ರು ಕೂಗಿದ್ರೆ ಯಾಕೋ ಎದ್ದು ನಿಲ್ಲಲ್ಲ?" ಎಂದು ಟೀಚರು ಕೇಳಿದರಂತೆ.

"ಅದು ಸತ್ತೋದ ತಾತಂದು ರೀ. ನಾನು ಅಜ್ಜ."

ಈ ಮಾತನ್ನು ಹೇಳಿಕೊಂಡು ಮನೆಯಲ್ಲಿ ಬಹಳ ದಿನ ನಕ್ಕರು. ನಕ್ಕವರಲ್ಲಿ ದೊಡ್ಡಮ್ಮನೂ ಇದ್ದಳು. ಆದರೆ ಅವನ ಮದುವೆಯ ಲಗ್ನಪತ್ರಿಕೆ ಬಂದಾಗ ಅವಳು ಅಚ್ಚಾದ ಹೆಸರಿನ ಮೇಲೆ ಬೆರಳಾಡಿಸುತ್ತಾ ಕೂತಿದ್ದನ್ನು ನಾನು ನೋಡಿದ್ದೇನೆ. ಓದಲು ಅವಳಿಗೆ ಬರುತ್ತಿತ್ತು.

ನನ್ನ ಹೆಸರಿನ ವಿಷಯವನ್ನೂ ಇಲ್ಲಿ ಹೇಳಬೇಕು. ನನ್ನನ್ನು ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರಿಗೆ ನನ್ನ ಹೆಸರು ಉದ್ದವಾಯಿತು. ಅವರು ಅದರ ತಲೆಯನ್ನಷ್ಟೇ ಇಟ್ಟುಕೊಂಡು ಬಾಲ ಕತ್ತರಿಸಿದರು. ಅವರ ಹೆಸರೂ ಹುಟ್ಟಿದಾಗ ಇಟ್ಟದ್ದಲ್ಲ. ಮಠ ಸೇರುವಾಗ ಮನೆಯ ಹೆಸರು ಬಿಟ್ಟು ಯಾರೋ ಸಂತರ ಹೆಸರನ್ನು ತಾವೇ ಆರಿಸಿಕೊಂಡಿದ್ದರು. ರಜೆಯಲ್ಲಿ ಊರಿಗೆ ಹೋದರೆ ತಾಯಿ ಹಳೆಯ ಹೆಸರಿನಲ್ಲೇ ಕರೆಯುತ್ತಾರೆ, ಮೊದಲೆರಡು ದಿನ ತನ್ನನ್ನೇ ಎಂದು ತಿಳಿಯುವುದಿಲ್ಲ ಎಂದು ಒಮ್ಮೆ ಗುಂಡಿ ಹೊಲಿಯುತ್ತಾ ಹೇಳಿದ್ದರು. ಆಗ ನನಗೆ ಅದು ವಿಚಿತ್ರವಾಗಿ ಕಂಡಿತ್ತು.

ಮದುವೆಯಾಗಿ ಚನ್ನಗಿರಿಗೆ ಬಂದ ಮೇಲೆ ವಿಚಿತ್ರ ಅನಿಸಲಿಲ್ಲ. ನನ್ನ ಹೆಸರೂ ನನ್ನ ಅತ್ತೆಯ ಹೆಸರೂ ಒಂದೇ ಆಗಿತ್ತು. ಒಂದೇ ಮನೆಯಲ್ಲಿ ಅತ್ತೆ ಸೊಸೆಗೆ ಒಂದೇ ಹೆಸರಿದ್ದರೆ ಸೊಸೆಯನ್ನು ಗದರಿದಾಗ ಅತ್ತೆಯನ್ನೇ ಹೆಸರು ಹಿಡಿದು ಗದರಿದಂತಾಗುತ್ತದೆ ಎಂದು ಹಿರಿಯರು ತಟ್ಟೆಯ ಅಕ್ಕಿಯಲ್ಲಿ ನನ್ನ ಗಂಡನ ಕೈಯಿಂದ ಹೊಸ ಹೆಸರು ಬರೆಸಿದರು. ಅವರು ಉಂಗುರದಿಂದ ಬರೆದರು. ಅಕ್ಷರ ಸೊಟ್ಟಗಿದ್ದವು. ಆ ಅಕ್ಕಿಯನ್ನು ಆಮೇಲೆ ಅನ್ನ ಮಾಡಿದರು. ಈಗ ನನಗೆ ಜಗಳೂರಿನಲ್ಲಿ ಒಂದು ಹೆಸರು, ಚನ್ನಗಿರಿಯಲ್ಲಿ ಒಂದು, ಹಳೆಯ ಸಹಪಾಠಿಗಳ ಫೋನಿನಲ್ಲಿ ಬಾಲವಿಲ್ಲದ ಮತ್ತೊಂದು. ಮೂರಕ್ಕೂ ಓಗೊಡುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ತವರಿನ ಹೆಸರಿನಿಂದ ಕೂಗಿದರೆ ಮಾತ್ರ ಎರಡನೇ ಕೂಗಿಗೆ ತಿರುಗುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಹೆಂಡತಿಗೆ ಹೆಣ್ಣು ಕೂಸು ಹುಟ್ಟಿತು. ಅವಳ ತವರು ಸಾಸ್ವೆಹಳ್ಳಿ, ಹೊನ್ನಾಳಿ ತಾಲ್ಲೂಕು. ಬಾಣಂತನಕ್ಕೆ ಅಲ್ಲೇ ಇದ್ದಳು. ಒಂದು ಮಧ್ಯಾಹ್ನ ಫೋನು ಮಾಡಿದಳು.

"ಅಕ್ಕಾ, ನೀವು ಇಂಗ್ಲಿಷ್ ಓದಿದೋರು. ಒಂದು ಹೆಸ್ರು ಕಳ್ಸೀನಿ, ಅರ್ಥ ಏನೈತೆ ನೋಡಿ ಹೇಳ್ರಿ."

ಫೋನಿನಲ್ಲಿ ಹುಡುಕಿ ನೋಡಿದೆ. ಒಂದು ಕಡೆ ಅದು ಸಂಸ್ಕೃತ, ಬೆಳಗಿನ ಮೊದಲ ಕಿರಣ ಎಂದಿತ್ತು. ಇನ್ನೊಂದು ಕಡೆ ಗ್ರೀಕ್, ಜ್ಞಾನವಂತೆ ಎಂದಿತ್ತು. ಮೂರನೆಯದರಲ್ಲಿ ಅರಬ್ಬಿ ಭಾಷೆಯ ಹೆಸರು, ಮರುಭೂಮಿಯ ಹೂವು. ಮೂರನ್ನೂ ಅವಳಿಗೆ ಓದಿ ಹೇಳಿದೆ.

"ಮೂರೂ ಚೆನ್ನಾಗೈತೆ ಬಿಡ್ರಿ," ಎಂದಳು. "ಅರ್ಥ ಏನಾರ ಇರ್ಲಿ ಅಕ್ಕ. ನನ್ನ ಬಾಯಿಗೆ ಬರಾಕೆ ಆಗೋ ಹೆಸ್ರು ಆದ್ರೆ ಸಾಕು."

ಆಗ ವಿಷಯ ತಿಳಿಯಿತು. ಅವ್ವ ಮೊಮ್ಮಗಳಿಗೆ ತನ್ನ ಅತ್ತೆಯ ಹೆಸರಿಡಬೇಕೆಂದು ನಿರ್ಧರಿಸಿ ಬೀಗರಿಗೆ ಹೇಳಿಕಳಿಸಿದ್ದಳು. ಅವ್ವನಿಗೆ ಅದು ಅತ್ತೆಯ ಹೆಸರು; ತಮ್ಮನ ಹೆಂಡತಿಗೆ ಅತ್ತೆಯ ಅತ್ತೆಯ ಹೆಸರು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

"ನಿಮ್ಮ ದೊಡ್ಡಮ್ಮಾರ ಕತೆ ನಿಮ್ಮ ತಮ್ಮನೇ ಹೇಳ್ಯಾರೆ," ಎಂದಳು ಅವಳು. "ನನಗೆ ಹಂಗಾಗೋದು ಬ್ಯಾಡ. ಹೆತ್ತೋಳು ನಾನು. ನನ್ನ ಮಗಳನ್ನ ಹೆಸರಿಡ್ದು ಕೂಗಾಕೆ ನನಗೆ ಆಗಬೇಕು. ಹೆಸರಿಡೋಳು ನೀವು, ಸೋದರತ್ತೆ. ನೀವು ಕಿವ್ಯಾಗೆ ಏನಂತೀರೋ ಅದೇ."

ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ತಂದೆಯ ಅಕ್ಕತಂಗಿಯರದು. ತಮ್ಮನಿಗಿರುವ ಅಕ್ಕ ನಾನೊಬ್ಬಳೇ. ಅವ್ವನೂ ಅದೇ ಸಂಜೆ ಫೋನು ಮಾಡಿದಳು. "ಏನನ್ನಬೇಕು ಅಂತ ಗೊತ್ತೈತಲ್ಲ ನಿಂಗೆ? ಏರಿ ಮ್ಯಾಲಿನ ತಾಯಿದು." ಹಾಂ ಎಂದೆ. ಇಬ್ಬರಿಗೂ ಹಾಂ ಎಂದೇ ಫೋನು ಇಟ್ಟಿದ್ದೆ.

ಕೂಸಿಗೆ ಕುಲಾವಿ ಹೊಲಿಸಲು ಪಕ್ಕದ ಮನೆಯ ಟೈಲರಮ್ಮನ ಹತ್ತಿರ ಹೋದೆ. ಅವಳ ತವರು ನ್ಯಾಮತಿ. ನನ್ನನ್ನು ಭಾಬಿ ಎನ್ನುತ್ತಾಳೆ. ಹೆಸರಿನ ಜಗಳ ಕೇಳಿ ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದಳು.

"ನಮ್ಮಲ್ಲಿ ಕಿವ್ಯಾಗೆ ಮೊದ್ಲು ಅಜಾನ್, ಆಮೇಲೆ ಹೆಸ್ರು. ಅರ್ಥ ನೋಡೇ ಇಡ್ತಾರೆ. ಚಲೋ ಇಲ್ಲಾಂದ್ರೆ ದೊಡ್ಡೋರಾದ ಮ್ಯಾಲೂ ಬದಲಾಯಿಸ್ತಾರೆ. ನನ್ನ ದೊಡ್ಡ ಮಗಳಿಗೆ ನಮ್ಮ ಸಾಸ್ ಹೆಸ್ರೇ ಇಟ್ಟೀವಿ."

"ಅತ್ತೆ ಹೆಸ್ರಾ? ಹಂಗಾದ್ರೆ ಹೆಂಗೆ ಕೂಗ್ತೀಯ?"

"ಹೆಂಗೆ ಅಂದ್ರೆ? ಬಾಯಿಂದ! ಸಾಸ್ ಎದುರಿಗೇನೆ ಹೆಸ್ರು ಹಿಡ್ದು, ಏ ಸೋಂಬೇರಿ ಏಳು ಅಂತೀನಿ. ಯಾರಿಗೆ ಅಂದೆ ಅಂತ ಅವ್ರು ತಿರುಗಿ ನೋಡ್ತಾರೆ." ಅವಳ ಅತ್ತೆ ಒಳಗಿನಿಂದ, "ನನಗೇ ಅನ್ನೋದು ಅಂತ ಗೊತ್ತೈತೆ ಬಿಡು" ಎಂದರು. ಇಬ್ಬರೂ ನಕ್ಕರು. ಕುಲಾವಿಗೆ ಹಳದಿ ಟೇಪು ಹಚ್ಚಿ ಕೊಟ್ಟಳು. ಕೆಂಪು ಮುಗಿದಿತ್ತು.

ಹೆಸರಿಡುವ ದಿನ ಸಾಸ್ವೆಹಳ್ಳಿಗೆ ಹೋದಾಗ ಅವ್ವ ಆಗಲೇ ಬಂದಿದ್ದಳು. ಗುಗ್ಗರಿಗೆ ನೆನೆಸಿದ ಕಡಲೆ ಬೇಯುತ್ತಿತ್ತು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿ, ಅದರಲ್ಲಿ ಮೊದಲು ಮಲಗಿಸಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿದ್ದರು. ಹೆಂಗಸರು ಬರಲು ಇನ್ನೂ ಹೊತ್ತಿತ್ತು. ಬಾಣಂತಿಯ ಕೋಣೆಯಲ್ಲಿ ಅವ್ವ, ತಮ್ಮನ ಹೆಂಡತಿ, ನಾನು ಮೂವರೇ ಇದ್ದೆವು. ಕೂಸು ಅವ್ವನ ಕಾಲ ಮೇಲಿತ್ತು.

ನಾನು ಮಾತು ತೆಗೆಯಬೇಕೆಂದಿದ್ದೆ. ಅಷ್ಟರಲ್ಲಿ ತಮ್ಮನ ಹೆಂಡತಿಯೇ ತೆಗೆದಳು.

"ಅತ್ತೆ, ನಿಮ್ಮ ಅತ್ತೆ ಹೆಸ್ರು ಇಡಬ್ಯಾಡ್ರಿ ಅಂತ ನಾ ಅನ್ನಲ್ಲ. ಯಾಕಿಡಬೇಕು ಅಂತ ಒಂದು ಮಾತು ಹೇಳ್ರಿ."

ಅವ್ವ ಕುಲಾವಿಯ ಹಳದಿ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಒಂದು ಫೋಟೋ ಸುದ್ದಾ ಇಲ್ಲ ಆಯಮ್ಮಂದು. ನಾ ಬಂದಾಗ ನಂಗೆ ಒಲೆ ಹಚ್ಚಾಕೆ ಬರ್ತಿರಲಿಲ್ಲ. ನಾಕು ಜನದ ಎದುರಿಗೆ ಒಂದು ದಿನ ಅನ್ನಲಿಲ್ಲ, ಬೈಲಿಲ್ಲ. ಹೆಸರೂ ಹೋದ್ರೆ ಇನ್ನೇನೈತೆ ಆಯಮ್ಮಂದು?"

"ಆ ಹೆಸರನ್ನ ನೀವು ಯಾವಾಗಾದ್ರೂ ಅಂದೀರೇನು?"

"ಹೆಂಗಂತಾರೆ?"

"ನಾನೂ ಅನ್ನಂಗಿಲ್ಲ ಅಲ್ಲ?"

"ಅನ್ನಲಿಲ್ಲ ಅಂದ್ರೆ ಮರ್ತಂಗಲ್ಲವ್ವ."

"ನೀವು ಮರೆಯಲ್ಲ ಅತ್ತೆ. ಈಗ ಇಟ್ಟು, ನಾನು ಚಿನ್ನು ಅಂತಲೋ ಪುಟ್ಟಿ ಅಂತಲೋ ಕೂಗಿದ್ರೆ ಊರೆಲ್ಲ ಚಿನ್ನು ಅಂತೈತೆ. ಇಟ್ಟ ಹೆಸ್ರು ತೊಟ್ಟಿಲಾಗೇ ಉಳಿತೈತೆ. ನಾ ಕೂಗಿದ್ರೇನೆ ಅದು ಊರಿಗೆ ಕೇಳೋದು." ಅವಳು ಕೂಸನ್ನು ಅವ್ವನ ಕಾಲ ಮೇಲಿಂದ ಎತ್ತಿಕೊಂಡಳು. "ಇಡ್ರಿ. ಆದ್ರೆ ನಾ ಪೂರಾ ಹೆಸ್ರು ಹಿಡ್ದು ಕೂಗ್ತೀನಿ. ಬೈಬೇಕಾದ್ರೆ ಬೈತೀನೂ ಬೈತೀನಿ. ಇಲ್ಲ ಅಂದ್ರೆ ನಾ ಹುಡುಕಿದ್ದು ಇಡ್ಲಿ ಅಕ್ಕ."

"ಬೈತೀಯಾ? ನಮ್ಮತ್ತೀನ?"

"ನನ್ನ ಮಗಳನ್ನ ರೀ!"

ಅವ್ವ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಯಾರೋ ಕಡಲೆಯ ಬೋಗುಣಿ ಇಳಿಸಿದರು, ಆವಿ ಕಿಟಕಿಯ ತನಕ ಬಂತು. ಅವ್ವ ತೊಡೆಯ ಮೇಲಿನ ಸೀರೆಯ ನೆರಿಗೆಯನ್ನು ಒಂದೊಂದಾಗಿ ಸರಿಮಾಡಿದಳು. ಎಲ್ಲ ಮುಗಿದ ಮೇಲೆ ಇನ್ನೊಮ್ಮೆ ಮೊದಲಿನಿಂದ ಮಾಡಿದಳು.

"ಕೂಗು," ಎಂದಳು ಕೊನೆಗೆ. "ಬೈಯೋದು ಮಾತ್ರ ನಾ ಇಲ್ಲದಾಗ ಬೈ."

"ಅದು ಆಗೋ ಮಾತಲ್ಲ ಅತ್ತೆ. ನೀವು ಯಾವಾಗ ಮನೆ ಬಿಟ್ಟು ಹೋಗ್ತೀರಿ?"

ಅವ್ವನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ.

ಹೆಂಗಸರು ಸೇರಿದರು. ಮೊದಲು ಗುಂಡುಕಲ್ಲು ತೊಟ್ಟಿಲಿಗೆ ಹೋಗಿ ಬಂತು, ಆಮೇಲೆ ಕೂಸು. ತೊಟ್ಟಿಲ ಮೇಲಿಂದ ಒಬ್ಬರು ಕೊಟ್ಟು ಕೆಳಗಿನಿಂದ ಒಬ್ಬರು ತೆಗೆದುಕೊಂಡರು. ನಾನು ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ನನ್ನ ಅಜ್ಜಿಯ ಹೆಸರು ಹೇಳಿದೆ. ಮೊಮ್ಮಗಳಾದ ನನಗೆ ಆ ಹೆಸರಿನ ಅಡ್ಡಿಯಿಲ್ಲ. ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಎಲ್ಲರೂ ಗುದ್ದುವುದು ಪದ್ಧತಿ. ಗುದ್ದಿದರು. "ಚನ್ನಗಿರಿಯೋರು ಗಟ್ಟಿ ಅದಾರೆ, ಇನ್ನೊಂದು ಹಾಕ್ರಿ" ಎಂದು ಯಾರೋ ಹೇಳಿದರು. ಗುದ್ದುಗಳಲ್ಲಿ ಅವ್ವನದು ಯಾವುದು ಎಂದು ನನಗೆ ತಿಳಿಯಲಿಲ್ಲ. ತಮ್ಮನ ಹೆಂಡತಿ ಕೂಸನ್ನು ಎತ್ತಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ಪೂರ್ತಿ ಹೆಸರು ಹಿಡಿದು ಒಂದು ಸಲ ಕೂಗಿದಳು. ಕೂಸು ಎಚ್ಚರಗೊಂಡು ಅತ್ತಿತು.

ಈ ಸಲ ರಜೆಗೆ ಜಗಳೂರಿಗೆ ಹೋಗಿದ್ದೆ. ತಮ್ಮನ ಮಗಳು ಈಗ ಓಡಾಡುತ್ತಾಳೆ. ನೀಲಿ ಬಾಗಿಲಿನ ಅಂಗಡಿಯ ತನಕ ಒಬ್ಬಳೇ ಓಡುತ್ತಾಳೆ. ತಾಯಿ ಅಂಗಳದಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾಳೆ. ಅದು ಅಂಗಡಿ ದಾಟಿ ಏರಿಯ ಗುಡಿಯ ತನಕ ಕೇಳುವಂಥ ಗಂಟಲು. ಬೈಗುಳವೂ ಅದೇ ಹೆಸರಿನ ಬೆನ್ನಿಗೆ ಬರುತ್ತದೆ. ಅವ್ವ ಮಾತ್ರ ಇನ್ನೂ "ಏ ಕೂಸೇ" ಎನ್ನುತ್ತಾಳೆ.

ಅವ್ವನ ಜೊತೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದಾಗ ಇನ್ನೊಂದು ಸಂಗತಿ ನೋಡಿದೆ. ಸೊಸೆ ಆ ಹೆಸರು ಕೂಗಿದ ಕೂಡಲೇ ಅವ್ವನ ಬಲಗೈ ಮೊರ ಬಿಟ್ಟು ಮೇಲಕ್ಕೆ ಹೋಗಿ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತದೆ. ಹಿಂದೆ ತನ್ನ ಅತ್ತೆ ಒಳಗೆ ಬಂದಾಗ ಮಾಡುತ್ತಿದ್ದಂತೆಯೇ. ಕೈ ಹೋದದ್ದು ಅವಳಿಗೆ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ಸೆರಗು ತಾನಾಗಿ ಜಾರುತ್ತದೆ, ಮತ್ತೆ ಕೂಗಿದರೆ ಮತ್ತೆ ಏರುತ್ತದೆ.

ಕೂಸು ಇದನ್ನು ನೋಡಿಕೊಂಡೇ ಬೆಳೆಯುತ್ತಿದೆ. ಆ ದಿನ ಅಂಗಡಿಯ ಹತ್ತಿರದಿಂದ ತಾಯಿಯ ಕೂಗಿಗೆ ಓಡಿ ಬಂದವಳು ಕಟ್ಟೆಯ ಎದುರು ನಿಂತು, ಅವ್ವನನ್ನು ನೋಡಿ, ತನ್ನ ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಎಳೆದುಕೊಂಡಳು. ಹೊಟ್ಟೆ ಪೂರ್ತಿ ಕಾಣುತ್ತಿತ್ತು.

"ಏ, ಇಳಿಸೇ ಅದನ್ನ!" ಎಂದು ತಾಯಿ ಮತ್ತೆ ಪೂರ್ತಿ ಹೆಸರು ಹಿಡಿದು ಗದರಿದಳು. ಅಜ್ಜಿ ಮೊಮ್ಮಗಳು ಇಬ್ಬರೂ ತಲೆಯ ಮೇಲಿನ ಬಟ್ಟೆಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.